ಹನ್ನೊಂದು ವಸ್ತುಗಳ ಬ್ಯಾಗು

ಐದನೆಯ ಕಂತು

"ಅದನ್ನ ಮುಟ್ಬೇಡ ಕಣಮ್ಮ," ಎಂದೆ.

ಮಾನಸಳ ಕೈ ಬ್ಯಾಗಿನ ಜಿಪ್ಪಿನ ಮೇಲೇ ನಿಂತಿತು. ಇಪ್ಪತ್ನಾಲ್ಕರ ಹುಡುಗಿ. 'ನಡುಮನೆ' ಹೋಟೆಲಿಗೆ ಬಂದವರ ಹೆಸರು ಬರೆದುಕೊಂಡು, ಬೀಗದಕೈ ಕೊಟ್ಟು, ನಗುವುದು ಇವಳ ಕೆಲಸ. ಈವತ್ತು ಬೆಳಿಗ್ಗೆಯಿಂದ ನಗುವುದನ್ನು ಮರೆತು ನನ್ನ ಹಿಂದೆಯೇ ಸುತ್ತುತ್ತಿದ್ದಳು.

"ಹನ್ನೆರಡು ಗಂಟೆಗೆ ರೂಮ್ ಖಾಲಿ ಮಾಡ್ಬೇಕು ಮೇಡಂ. ಮಧ್ಯಾಹ್ನ ಬೇರೆ ಗೆಸ್ಟ್ ಬರ್ತಿದಾರೆ."

"ಇನ್ನೂ ಹತ್ತೂಕಾಲು. ಹನ್ನೆರಡರೊಳಗೆ ಈ ಬ್ಯಾಗು ಬಾಯಿ ಬಿಡ್ತದೆ, ನೋಡ್ತಿರು."

ಮಾತೇನೋ ಧೈರ್ಯವಾಗಿಯೇ ಆಡಿದೆ. ಹೇಗೆ ಬಿಡಿಸುವುದೆಂದು ಮಾತ್ರ ನನಗೂ ಗೊತ್ತಿರಲಿಲ್ಲ.

ಲಹರಿ ಎಂಬ ಮೂವತ್ನಾಲ್ಕರ ಹೆಂಗಸು ಸೋಮವಾರ ಮಧ್ಯಾಹ್ನ ಮೂರು ರಾತ್ರಿಗೆಂದು ಈ ಕೋಣೆಗೆ ಬಂದಿದ್ದಳು. ಮಂಗಳವಾರ ಬೆಳಿಗ್ಗೆ ಹೊರಗೆ ಹೋದವಳು ಗುರುವಾರವಾದರೂ ಬಂದಿಲ್ಲ. ಫೋನು ಬಂದ್ ಆಗಿದೆ. ಸ್ಟೇಷನ್ನಿನಲ್ಲಿ, ವಯಸ್ಸಿಗೆ ಬಂದ ಹೆಂಗಸು, ಎಲ್ಲೋ ಹೋಗಿರ್ತಾರೆ, ಎರಡು ದಿನ ಕಾಯಿರಿ ಎಂದರಂತೆ. ಇಪ್ಪತ್ತೆಂಟು ವರ್ಷ ಖಾಕಿ ಹಾಕಿ ಎಎಸ್‌ಐ ಆಗಿ ನಿವೃತ್ತಳಾದ ನಾನು ಈ ಮಾತನ್ನು ಎಷ್ಟು ಜನಕ್ಕೆ ಹೇಳಿಲ್ಲ! ಅದಕ್ಕೇ ಮರುಮಾತಿಲ್ಲದೆ ನಂಬಿದೆ.

ಹೇಳಿದವರು ಚಂದ್ರಮತಿ. ಲಹರಿಯ ಚಿಕ್ಕಮ್ಮ. ನಿನ್ನೆ ಸಂಜೆ ಹೂವು, ಕುಂಕುಮ, ಒಂದು ಚಿಪ್ಪು ರಸಬಾಳೆಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ಅರವತ್ತರ ಹತ್ತಿರ ವಯಸ್ಸು, ಇಸ್ತ್ರಿ ಮುರಿಯದ ಹತ್ತಿ ಸೀರೆ, ಅತ್ತು ಕೆಂಪಾದ ಮೂಗು.

"ನನ್ನಕ್ಕನ ಮಗಳು ಕಣ್ರೀ. ಅಕ್ಕ ಹೋದ್ಮೇಲೆ ನಾನೇ ಸಾಕಿದ್ದು. ಬದುಕಿದಾಳೆ ಅಂತ ಒಂದು ಮಾತು ತಂದುಕೊಡಿ, ಅಷ್ಟು ಸಾಕು," ಎಂದು ಕೈ ಹಿಡಿದುಕೊಂಡಿದ್ದರು.

ಒಂದು ಪ್ರಶ್ನೆ ಕೇಳಿದ್ದೆ. ನಿಮ್ಮ ಮನೆಯೂ ಇದೇ ಕೃಷ್ಣಮೂರ್ತಿಪುರಂನಲ್ಲಿ, ಹೋಟೆಲಿಗೂ ನಿಮಗೂ ಎರಡು ಕ್ರಾಸು. ಚಿಕ್ಕಮ್ಮನ ಮನೆ ಬಿಟ್ಟು ಹುಡುಗಿ ಹೋಟೆಲಲ್ಲಿ ಯಾಕೆ ಇಳಿದಳು?

"ನಮ್ಮನೆ ನೀರಿನ ಡ್ರಮ್ಮು, ಹಗ್ಗದ ಮೇಲಿರೋ ಟವೆಲು ಅವಳ ಫೋಟೋದಲ್ಲಿ ಚೆನ್ನಾಗಿ ಕಾಣುತ್ಯೇ ಹೇಳಿ?" ಎಂದು ಅಳುವಿನ ನಡುವೆಯೇ ನಕ್ಕಿದ್ದರು.

ನಾನೂ ನಕ್ಕುಬಿಟ್ಟಿದ್ದೆ. ಈಗ ಅವರು ರಸ್ತೆಯ ಆಚೆ ಬದಿ, ಹೊಂಗೆ ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಕೂತಿದ್ದರು. ಆ ಕೋಣೆ ನೋಡಿದರೆ ಎದೆ ಒಡೆದುಹೋಗುತ್ತದೆ, ಒಳಗೆ ಬರಲಾರೆ ಎಂದಿದ್ದರು.

ಕೋಣೆಯೇನೋ ಚೆನ್ನಾಗಿತ್ತು. ನಮ್ಮಂಥವರು ಅಟ್ಟಕ್ಕೆ ಎಸೆದದ್ದನ್ನೆಲ್ಲ ಇವರು ಗೋಡೆಗೆ ನೇತುಹಾಕಿದ್ದರು. ಮೊರ, ಜರಡಿ, ಸೇರು, ಪಾವು. ನಮ್ಮತ್ತೆ ರಾಗಿ ಕೇರುತ್ತಿದ್ದಂಥದೇ ಒಂದು ಮೊರ ಮಂಚದ ತಲೆಯ ಮೇಲೆ ದೀಪದ ಬೆಳಕಿನಲ್ಲಿ ಮೆರೆಯುತ್ತಿತ್ತು. ಇದಕ್ಕೆ ಬುಟಿಕ್ ಹೋಟೆಲ್ ಎನ್ನುತ್ತಾರಂತೆ. ಇರಲಿ, ಮೊರಕ್ಕೂ ಒಳ್ಳೆಯ ಕಾಲ ಬರಬೇಕಲ್ಲ.

ಬ್ಯಾಗು ಶಾಲೆಯ ಮಕ್ಕಳ ಬ್ಯಾಗಿಗಿಂತ ಸ್ವಲ್ಪ ದೊಡ್ಡದು. ಲಹರಿಯನ್ನು ನಲವತ್ತು ಸಾವಿರ ಜನ ಫೋನಿನಲ್ಲಿ ಹಿಂಬಾಲಿಸುವುದು ಈ ಬ್ಯಾಗಿನಿಂದಲೇ. ಎಷ್ಟು ದಿನದ ಪ್ರಯಾಣವಾದರೂ ಇದೊಂದೇ. ಹೊರಡುವ ಮುಂಚೆ ಒಳಗೆ ಹೋಗುವುದನ್ನೆಲ್ಲ ಮಂಚದ ಮೇಲೆ ಹರಡಿ ಫೋಟೋ ತೆಗೆದು ಹಾಕುತ್ತಾಳೆ. ಸೋಮವಾರ ಬೆಳಿಗ್ಗೆಯೂ ಹಾಕಿದ್ದಳು: 'ಮೈಸೂರಿನಲ್ಲಿ ಮೂರು ರಾತ್ರಿ, ಹನ್ನೊಂದು ವಸ್ತು.'

ಮಾನಸ ಆ ಫೋಟೋ ತೆಗೆದು ನನ್ನ ಮುಂದೆ ಹಿಡಿದಳು. ನಾನು ಕನ್ನಡಕ ಏರಿಸಿ ನೋಡಿದೆ. ಕರಿ ಪ್ಯಾಂಟು, ಬಿಳಿ ಹತ್ತಿ ಷರಟು, ಬೂದು ಬಣ್ಣದ ಕುರ್ತಾ, ಬದನೇಕಾಯಿ ಬಣ್ಣದ ಮೈಸೂರು ರೇಷ್ಮೆ ಸೀರೆ, ಕರಿ ರವಿಕೆ, ರಾತ್ರಿ ಹಾಕುವ ನೈಟಿ, ಚಪ್ಪಲಿ, ಕ್ಯಾನ್ವಾಸ್ ಷೂ, ಸೋಪು ಬ್ರಷ್ಷಿನ ಪುಟ್ಟ ಚೀಲ, ಫೋನಿನ ಚಾರ್ಜರು, ಒಂದು ಬಟ್ಟೆಯ ಕೈಚೀಲ.

ನಾವು ಧರ್ಮಸ್ಥಳಕ್ಕೆ ಎರಡು ದಿನಕ್ಕೆ ಹೋದರೂ ಚಟ್ನಿಪುಡಿ, ಚಾಪೆ, ಹಗ್ಗ, ಬಟ್ಟೆ ಒಣಗಿಸುವ ಕ್ಲಿಪ್ಪು ಎಲ್ಲ ಹೊತ್ತುಕೊಂಡು ಹೋಗುವವರು. ನನಗೆ ಹನ್ನೊಂದೇ ವಸ್ತು ತೆಗೆದುಕೋ ಎಂದರೆ ಅದರಲ್ಲಿ ಆರು ಮಾತ್ರೆ ಡಬ್ಬಿಗಳೇ ಆಗಿಬಿಡುತ್ತವೆ. ಆದರೂ ಈ ಫೋಟೋ ನೋಡುತ್ತಾ ಒಂದು ತರಹ ಹೊಟ್ಟೆಕಿಚ್ಚಾಯಿತು. ಇಷ್ಟೇ ಸಾಕು ಎಂದು ಒಬ್ಬಳು ತೀರ್ಮಾನಿಸಬೇಕಾದರೆ ತಾನು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿರಬೇಕು.

ನಿವೃತ್ತಿಯ ಮೇಲೆ ಮದುವೆ ಸಂಬಂಧ ವಿಚಾರಿಸಿಕೊಡುವ ನನ್ನ ಕಸುಬಿಗೂ ಇದು ಅನುಕೂಲ. ಮೂಟೆ ಕಟ್ಟಿಕೊಂಡು ಬಂದವರ ಸಾಮಾನಿನಲ್ಲಿ ಏನು ಇದೆ, ಏನು ಇಲ್ಲ ಎಂದು ಅವರಿಗೇ ಗೊತ್ತಿರುವುದಿಲ್ಲ. ಹನ್ನೊಂದೇ ಇದ್ದರೆ ಪ್ರತಿಯೊಂದಕ್ಕೂ ಲೆಕ್ಕ ಸಿಗುತ್ತದೆ.

ಜಿಪ್ಪು ನಾನೇ ತೆಗೆದೆ. ಒಂದೊಂದಾಗಿ ಮಂಚದ ಮೇಲಿಟ್ಟೆ. ಕುರ್ತಾ, ಸೀರೆ, ರವಿಕೆ, ನೈಟಿ, ಚಪ್ಪಲಿ, ಸೋಪಿನ ಚೀಲ. ಆರು.

"ಲಂಗ ಇಲ್ಲ!" ಎಂದೆ. "ಸೀರೆ ಇಟ್ಟು ಲಂಗ ಮರ್ತಿದಾರೆ ಅಂದ್ರೆ ಇದು ಗಂಡಸು ತುಂಬಿದ ಬ್ಯಾಗು. ಬರ್ಕೋ."

ಮಾನಸ ಬರೆದುಕೊಳ್ಳಲಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಮೇಡಂ, ಅವ್ರು ಸೀರೆನ ಪ್ಯಾಂಟ್ ಮೇಲೇ ಉಡೋದು. ಅದ್ರದ್ದೇ ವಿಡಿಯೋ ಇದೆ. ಫೋಟೋದಲ್ಲೂ ಲಂಗ ಇಲ್ಲ ನೋಡಿ."

ನಿಜ, ಇರಲಿಲ್ಲ. ಕೋತಿ ಥರ ನೆಗೆದು ತೀರ್ಮಾನಕ್ಕೆ ಬೀಳುವುದು ನನ್ನ ಹಳೆಯ ರೋಗ. ಸರ್ವೀಸಿನಲ್ಲಿ ಇದಕ್ಕೇ ಎರಡು ಸಲ ಬೈಸಿಕೊಂಡಿದ್ದೇನೆ. ಕುರ್ಚಿ ಎಳೆದು ಕೂತೆ, ನಿಧಾನವಾಗಿ ಮೊದಲಿನಿಂದ ಯೋಚಿಸಿದೆ.

ಇಲ್ಲದ್ದು ಐದು. ಪ್ಯಾಂಟು, ಷರಟು, ಷೂ. ಅವನ್ನು ಹಾಕಿಕೊಂಡು ಹೋಗಿದ್ದಾಳೆ. ಕೈಚೀಲ, ಅದನ್ನೂ ಹಿಡಿದುಕೊಂಡು ಹೋಗಿರಬಹುದು. ಐದನೆಯದು ಚಾರ್ಜರು.

"ಮಾನಸ, ನೀನು ಅರಮನೆ ನೋಡಕ್ಕೆ ಹೋಗ್ತೀಯ. ಸಾಯಂಕಾಲ ವಾಪಸ್ ಬರ್ತೀಯ. ಚಾರ್ಜರ್ ತಗೊಂಡೋಗ್ತೀಯಾ?"

"ಇಲ್ಲ ಮೇಡಂ."

"ಅವ್ಳು ತಗೊಂಡೋಗವ್ಳೆ. ರಾತ್ರಿ ಬೇರೆ ಕಡೆ ಮಲಗೋದು ಅವ್ಳಿಗೆ ಬೆಳಿಗ್ಗೇನೇ ಗೊತ್ತಿತ್ತು."

ಹೇಳಿದ ಮೇಲೆ ನನಗೇ ಸ್ವಲ್ಪ ಉಸಿರು ಬಂತು. ಯಾರೋ ದಾರಿಯಲ್ಲಿ ಎಳೆದುಕೊಂಡು ಹೋಗಿದ್ದಲ್ಲ. ತಾನಾಗಿ ಹೋಗಿದ್ದಾಳೆ. ಆದರೆ ಸೋಪು, ಬ್ರಷ್ಷು ಬಿಟ್ಟು ಹೋಗಿದ್ದಾಳೆ, ವಾಪಸ್ಸು ಬರುತ್ತೇನೆ ಎಂದು ನೋಡುವವರಿಗೆ ಅನ್ನಿಸಲಿ ಎನ್ನುವ ಹಾಗೆ. ಯಾರು ನೋಡಲಿ ಎಂದು?

ಸೀರೆಯನ್ನು ಕೈಗೆತ್ತಿಕೊಂಡೆ. ಅಲ್ಲಿ ಬೆರಳು ನಿಂತಿತು.

ಮೈಸೂರಿನ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ರೇಷ್ಮೆ ಸೀರೆಯನ್ನು ನಾವು ಮನೆಯಲ್ಲಿ ಗದ್ದದ ಕೆಳಗೆ ಒತ್ತಿ ಹಿಡಿದು ಮಡಚುತ್ತೇವೆ. ಒಡಲು ಹೊರಗೆ, ಸೆರಗು ಒಳಗೆ. ಗಾಳಿ ತಾಗಿ ಜರಿ ಕಪ್ಪಾಗಬಾರದು ಎಂದು. ಈ ಸೀರೆಯಲ್ಲಿ ಸೆರಗು ಮೇಲಿತ್ತು. ಎರಡು ಅಂಚೂ ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದೆ ಕೂತಿದ್ದವು. ನಡುವೆ ಅಂಗೈಯಿಂದ ಎಳೆದು ಒತ್ತಿದ ನೇರ ಗೀರು. ಗಿರಾಕಿಯ ಕಣ್ಣಿಗೆ ಮೊದಲು ಬೀಳಬೇಕಾದದ್ದು ಸೆರಗು. ಇದು ಅಂಗಡಿಯ ಮಡಿಕೆ. ಒಮ್ಮೆ ಬಿಚ್ಚಿ ಉಟ್ಟ ಮೇಲೆ ಈ ಮಡಿಕೆಗೆ ವಾಪಸ್ಸು ತರುವುದು ನಮ್ಮ ಕೈಲಿ ಆಗುವುದಿಲ್ಲ.

"ಲಹರಿ ಸೀರೆ ಹೆಂಗೆ ಮಡಚ್ತಾಳೆ?"

"ಮಡಚಲ್ಲ ಮೇಡಂ. ಚಾಪೆ ಸುತ್ತಿದಂಗೆ ಸುತ್ತುತಾರೆ. ಜಾಗ ಉಳಿಯುತ್ತೆ, ಮಡಿಕೆ ಬೀಳಲ್ಲ ಅಂತ."

ಅಂದರೆ ಅವಳು ಹೋದ ಮೇಲೆ ಈ ಬ್ಯಾಗನ್ನು ಬಿಚ್ಚಿದ್ದಾರೆ. ಮತ್ತೆ ಇನ್ಯಾರೋ ತುಂಬಿದ್ದಾರೆ. ತುಂಬಿದವರ ಕೈ ಸೀರೆ ಅಂಗಡಿಯಲ್ಲಿ ಪಳಗಿದ ಕೈ.

ಈ ಕೋಣೆಯ ಬೀಗದಕೈ ಮೂವರ ಬಳಿ ಇತ್ತು. ಮಾನಸ, ಕೋಣೆ ಗುಡಿಸಿ ಒರೆಸುವ ಹೇಮಶ್ರೀ, ಮ್ಯಾನೇಜರ್ ಶಿವಪ್ರಕಾಶ್. ಮೂವರನ್ನೂ ಕೋಣೆಗೇ ಕರೆಸಿಕೊಂಡೆ.

ಯಾರು ಕಳಿಸಿದ್ದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೋಟೆಲಿನ ಯಜಮಾನರು ಕೃಷ್ಣಸ್ವಾಮಿ, ಅವರ ಮಗಳ ಸಂಬಂಧದ ಬಗ್ಗೆ ಹಿಂದೆ ನಾನೇ ವಿಚಾರಿಸಿಕೊಟ್ಟಿದ್ದೆ. ಪೊಲೀಸಿನ ಚಾಮುಂಡೇಶ್ವರಮ್ಮ ಬರ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡಿ ಎಂದು ಅವರು ಫೋನಿನಲ್ಲಿ ಹೇಳಿದ್ದು ಇವರಿಗೆ ಸಾಕಾಗಿತ್ತು. ಕಳಿಸಿದವರ ಹೆಸರು ಹೇಳದಿರುವುದು ನಮ್ಮ ಕಸುಬಿನ ಮೊದಲ ನೇಮ. ಹೆಣ್ಣಿನ ಕಡೆ ವಿಚಾರಿಸಲು ಹೋದವಳು ಗಂಡಿನ ಮನೆಯವರ ಹೆಸರು ಎತ್ತಿದರೆ ಅಲ್ಲಿಗೆ ಸಂಬಂಧವೇ ಮುರಿದುಬೀಳುತ್ತದೆ. ಆರು ವರ್ಷದಲ್ಲಿ ಒಂದು ಸಲವೂ ನಾನು ಬಾಯಿ ಜಾರಿದವಳಲ್ಲ. ಅದೊಂದು ಹೆಮ್ಮೆ ನನಗೆ.

ಸೀರೆಯನ್ನು ಕೊಡವಿ ಪೂರ್ತಿ ಬಿಚ್ಚಿದೆ. "ಒಬ್ಬೊಬ್ಬರಾಗಿ ಇದನ್ನ ಮಡಚಿ ಕೊಡಿ."

ಹೇಮಶ್ರೀ ತೆಗೆದುಕೊಂಡು, ಗದ್ದದಡಿ ಇಟ್ಟು, ಸೆರಗನ್ನು ಒಳಗೆ ಹಾಕಿ ಮಡಚಿದಳು. ನಮ್ಮಮ್ಮ ಮಡಚುತ್ತಿದ್ದದ್ದೂ ಹೀಗೇ. ಮಾನಸ ಎರಡು ಸಲ ಪ್ರಯತ್ನಿಸಿ, ಆ ಕಡೆ ತುದಿ ಯಾರಾದರೂ ಹಿಡಿಯದಿದ್ದರೆ ಆಗುವುದಿಲ್ಲ ಎಂದು ಕೈಬಿಟ್ಟಳು.

"ಸರಿ, ನೀವಿಬ್ಬರೂ ಹೋಗಿ."

ಶಿವಪ್ರಕಾಶ್ ಬಾಗಿಲ ಬಳಿಯೇ ನಿಂತಿದ್ದ. ನಲವತ್ತರ ಆಸುಪಾಸು, ಗರಿಗರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ನಾನು ಗಂಡಸು ಮೇಡಂ. ಸೀರೆ ಮಡಚೋದು ನನಗೆ ಹೇಗೆ ಗೊತ್ತಾಗ್ಬೇಕು?"

"ಹೋಗ್ಲಿ ಬಿಡಪ್ಪ, ನಾನೇ ಮಡಚ್ತೀನಿ."

ಸೀರೆಯನ್ನು ನೆಲದ ಮೇಲೆ ಹರಡಿದೆ. ಮಂಡಿನೋವು ಬೇಡ ಬೇಡವೆಂದರೂ ಕೂತೆ. ಒಂದು ತುದಿ ಎಳೆದೆ, ಇನ್ನೊಂದು ತುದಿ ಅಡ್ಡ ಹೋಯಿತು. ಬೇಕೆಂದೇ ಸೆರಗನ್ನು ಮುದುರಿ ಮಂಡಿಯಡಿ ಒತ್ತಿದೆ. ಜರಿ ಚುರುಕ್ ಎಂದಿತು.

ಅವನು ಬೆನ್ನ ಹಿಂದಿನ ಕೈ ಮುಂದೆ ತಂದ.

ಇನ್ನೊಂದು ಮಡಿಕೆ ಹಾಕಿದೆ, ಜರಿಗೆ ಅಡ್ಡಲಾಗಿ. ಬೆರಳಿನಿಂದ ಚೆನ್ನಾಗಿ ತೀಡಿದೆ.

"ಅಂಗಲ್ಲ ಮೇಡಂ!" ಎಂದವನೇ ಬಗ್ಗಿದ. "ಜರಿ ಮುರ್ದೋಯ್ತದೆ. ಬುಡಿ, ಬುಡಿ ಇತ್ಲಾಗೆ."

ಚಕ್ಕಳಮಕ್ಕಳ ಹಾಕಿ ಕೂತ. ಸೀರೆ ಅವನ ತೊಡೆಯ ಮೇಲೆ ಒಂದು ಸಲ ಹಾರಿ ಇಳಿಯಿತು. ಅಂಚಿಗೆ ಅಂಚು ಕೂಡಿತು, ಅಂಗೈ ಒಂದು ಸಲ ಉದ್ದಕ್ಕೆ ಹರಿಯಿತು, ಸೆರಗು ತಾನಾಗಿ ಮೇಲೆ ಬಂತು. ನಾನು ಹತ್ತು ಎಣಿಸುವುದರೊಳಗೆ ಮುಗಿದಿತ್ತು. ಎಷ್ಟು ಚಂದದ ಕೆಲಸ! ಹಿಡಿದುಹಾಕಬೇಕಾದ ಹೊತ್ತಿನಲ್ಲೂ ನನಗೆ ಭೇಷ್ ಅನ್ನಬೇಕೆನ್ನಿಸಿತು.

ಮಡಚಿ ನನ್ನ ಕೈಗೆ ಕೊಟ್ಟ. ಕೊಟ್ಟ ಮೇಲೆ ತನ್ನ ಕೈಗಳನ್ನೇ ನೋಡಿಕೊಂಡ.

"ಎಷ್ಟು ವರ್ಷ ಸೀರೆ ಅಂಗಡೀಲಿದ್ದೆ?"

"ಒಂಬತ್ತು. ಸಂತೇಪೇಟೆಲಿ." ದನಿ ಇಳಿದುಹೋಗಿತ್ತು.

"ಲಹರಿ ಎಲ್ಲಿ?"

ಅವನು ಬಾಗಿಲ ಕಡೆ ನೋಡಿದ.

"ನೋಡಪ್ಪ, ಅವ್ಳು ಹೋದ್ಮೇಲೆ ಈ ಬ್ಯಾಗ್ ತುಂಬಿದ್ದು ನೀನು. ಹನ್ನೆರಡಕ್ಕೆ ನಾನು ಇದನ್ನ ಸ್ಟೇಷನ್ನಿಗೆ ತಗೊಂಡೋಗಿ ಇಡ್ತೀನಿ. ಅಲ್ಲಿಗೆ ಎರಡು ದಿನ ಕಾಯೋದು ನಿಲ್ತದೆ. ಮೊದಲು ಕೇಳೋದು ನಿನ್ನನ್ನೇ. ಒಬ್ಬ ಹೆಂಗಸು ಕಾಣೆಯಾಗವ್ಳೆ, ನೀನು ಅವಳ ಬಟ್ಟೆ ಮಡಚಿಟ್ಟಿದೀಯ. ಇದನ್ನ ಕೇಳ್ದೋರು ಏನಂದ್ಕೋತಾರೆ?"

ಅವನ ಕಣ್ಣಲ್ಲಿ ನೀರು ಬಂತು. ಹೆದರಿಕೆಗೆ ಎಂದುಕೊಂಡೆ.

"ಅವ್ರು ಚೆನ್ನಾಗವ್ರೆ ಮೇಡಂ. ಏನೂ ಆಗಿಲ್ಲ."

"ಬದುಕವ್ಳಾ?"

"ಅಯ್ಯೋ, ಬಿಡ್ತು ಅನ್ನಿ! ಈಗ ಬೆಳಿಗ್ಗೆ ಕೂಡ ಬೇರೆ ಫೋನಲ್ಲಿ ಮಾತಾಡ್ದೆ."

ನಾನು ಮಂಚಕ್ಕೆ ಒರಗಿದೆ. ನಿನ್ನೆ ರಾತ್ರಿಯಿಂದ ಕೆರೆ, ಬಾವಿ, ರೈಲು ಹಳಿ ಎಂದು ಏನೇನೋ ನೆನೆಸಿಕೊಂಡು ನಿದ್ದೆ ಬಿಟ್ಟಿದ್ದೆ. ಚಾಮುಂಡಿ, ತಾಯಿ, ನಿನ್ನ ಹೆಸರು ಉಳಿಸಿದೆ ಎಂದು ಮನಸ್ಸಿನಲ್ಲೇ ಕೈಮುಗಿದೆ.

"ಮತ್ತೆ ಬ್ಯಾಗ್ ಯಾಕೆ ಬಿಚ್ದೆ?"

"ನಾನು ಬಿಚ್ಲಿಲ್ಲ ಮೇಡಂ. ಮಂಗಳವಾರ ಸಾಯಂಕಾಲ ಬಂದು ನೋಡ್ತೀನಿ, ಈ ರೂಮಿನ ಹಿಂದ್ಗಡೆ ಬಾಗ್ಲು ತೆಗ್ದದೆ, ಇದೆಲ್ಲ ನೆಲದ ಮೇಲೆ ಚೆಲ್ಲಾಡೋಗದೆ. ಯಾರೋ ಹುಡುಕವ್ರೆ. ಆ ಬಾಗ್ಲು ಹಾಕ್ದೆ ಬುಟ್ಟಿದ್ದು ನಂದೇ ತಪ್ಪು. ಯಜಮಾನರಿಗೆ ಗೊತ್ತಾದ್ರೆ ಕೆಲಸ ಹೋಯ್ತದೆ ಅಂತ ಎಲ್ಲಾ ತುಂಬಿ ಇಟ್ಬುಟ್ಟೆ." ಅಂಗೈಯಿಂದ ಕಣ್ಣೊರೆಸಿಕೊಂಡ. "ನೀವು ಪೊಲೀಸ್ನೋರು. ನಿಮಗೆ ಹೇಳ್ಬೋದು ಅಲ್ವಾ ಮೇಡಂ?"

"ನನಗೆ ಹೇಳ್ಬೋದು."

ನಿವೃತ್ತಿಯಾಗಿ ಆರು ವರ್ಷವಾಯಿತು ಎಂದು ತಿದ್ದಬಹುದಿತ್ತು. ತಿದ್ದಲಿಲ್ಲ.

"ಮೇಟಗಳ್ಳೀಲಿ ನಮ್ಮಕ್ಕನ ಮನೇಲವ್ರೆ. ಹಾಲಿನ ಬೂತ್ ಪಕ್ಕದ ಗಲ್ಲಿ, ಹಸಿರು ಗೇಟು. ಮಂಗಳವಾರ ನಾನೇ ಸ್ಕೂಟರಲ್ಲಿ ಬುಟ್ಟು ಬಂದೆ. ಯಾಕೆ ಅಂದ್ರೆ ಮೇಡಂ, ಅವ್ರಿಗೆ..."

"ಯಾಕೆ ಅನ್ನೋದನ್ನ ಒಂದು ಹಾಳೆ ಮೇಲೆ ಬರ್ದು ಕೊಡು. ಮೊದಲಿಂದ ಕೊನೆವರೆಗೆ, ಒಂದೂ ಬಿಡದೆ. ಕೆಳಗೆ ಸಹಿ ಹಾಕು."

ಹೇಳಿಕೆ ಬರೆಸಿಕೊಳ್ಳುವುದು ಇಲಾಖೆಯ ಅಭ್ಯಾಸ. ಬಾಯಿಮಾತು ನಾಳೆ ತಿರುಗುತ್ತದೆ, ಬರೆದದ್ದು ತಿರುಗುವುದಿಲ್ಲ. ಅಲ್ಲದೆ, ಸತ್ಯವಾಗಿ ಹೇಳಬೇಕೆಂದರೆ, ಕಾರಣ ಕೇಳುವ ತಾಳ್ಮೆ ನನಗಿರಲಿಲ್ಲ. ಹೊರಗೆ ಕಾರಿನಲ್ಲಿ ಒಂದು ಜೀವ ಒಂದು ಮಾತಿಗಾಗಿ ಕಾಯುತ್ತಿತ್ತು.

ಮಂಡಿನೋವು ಮರೆತು ರಸ್ತೆ ದಾಟಿದೆ.

ಚಂದ್ರಮತಿ ಕಾರಿನ ಗಾಜು ಇಳಿಸಿದರು. ಮುಂದಿನ ಸೀಟಿನಲ್ಲಿ ಡ್ರೈವರ್ ಫೋನು ನೋಡುತ್ತಿದ್ದ.

"ಸಿಕ್ಕಿದ್ಲು ಕಣಮ್ಮ ನಿಮ್ಮ ಹುಡುಗಿ! ಚೆನ್ನಾಗಿದಾಳೆ, ಒಂದು ಕೂದಲು ಕೊಂಕಿಲ್ಲ."

ಅವರು ಕಣ್ಣು ಮುಚ್ಚಿಕೊಂಡರು. ತುಟಿ ಏನೋ ಮಣಮಣಿಸಿತು. ಕಣ್ಣು ತೆರೆದಾಗ ಅಳುತ್ತಾರೆಂದು ಕಾದೆ. ಅಳಲಿಲ್ಲ. ಸಂತೋಷ ಹೆಚ್ಚಾದಾಗ ಕೆಲವರಿಗೆ ಹಾಗಾಗುತ್ತದೆ.

"ಎಲ್ಲಿ?"

"ಮೇಟಗಳ್ಳೀಲಿ. ಇಲ್ಲಿನ ಮ್ಯಾನೇಜರ್ ಶಿವಪ್ರಕಾಶ್ ಅಂತ, ಅವರಕ್ಕನ ಮನೆ." ಗಲ್ಲಿ, ಗೇಟು, ಹಾಲಿನ ಬೂತು ಎಲ್ಲವನ್ನೂ ಹೇಳಿದೆ.

"ಹಸಿರು ಗೇಟು," ಎಂದು ಅವರು ಒಂದು ಸಲ ಹೇಳಿಕೊಂಡರು. "ನೀವು ಅವಳ ಬ್ಯಾಗು ತಗೊಂಡು ನಿಧಾನವಾಗಿ ಬನ್ನಿ. ನಾನು ಮುಂದೆ ಹೋಗಿರ್ತೀನಿ. ನಿಮ್ಮ ಋಣ ಹೇಗೆ ತೀರಿಸ್ಲಿ ಚಾಮುಂಡೇಶ್ವರಮ್ಮ, ದೇವರ ಹಾಗೆ ಬಂದ್ರಿ."

ಡ್ರೈವರ್ ಆಗಲೇ ಕಾರು ಎತ್ತಿದ್ದ.

ಒಳಗೆ ಬಂದು ಹೇಮಶ್ರೀಗೆ ಒಂದು ಲೋಟ ಕಾಫಿ ಹೇಳಿದೆ. ಹಜಾರದ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತೆ. ಮದುವೆ ಸಂಬಂಧ ವಿಚಾರಿಸುವುದರಲ್ಲಿ ಇಂಥ ಗಳಿಗೆ ಬರುವುದಿಲ್ಲ. ಹುಡುಗ ಕುಡಿಯುತ್ತಾನೆ, ಹುಡುಗಿಗೆ ಹಿಂದೆ ಒಂದು ನಿಶ್ಚಿತಾರ್ಥ ಮುರಿದಿದೆ, ಇಂಥವೇ. ನಾನು ತಂದುಕೊಟ್ಟ ಸುದ್ದಿಯಿಂದ ಯಾರೂ ನಕ್ಕದ್ದಿಲ್ಲ. ಇವತ್ತು ಒಬ್ಬ ಹೆಂಗಸನ್ನು ಅವಳ ಮನೆಯವರಿಗೆ ಸೇರಿಸಿದೆ. ಕಾಫಿ ರುಚಿಯಾಗಿತ್ತು, ಎರಡನೆಯ ಲೋಟವನ್ನೂ ತರಿಸಿಕೊಂಡೆ.

ಅರ್ಧ ಗಂಟೆ ಕಳೆದಿರಬೇಕು. ಶಿವಪ್ರಕಾಶ್ ಎರಡು ಹಾಳೆ ಹಿಡಿದುಕೊಂಡು ಬಂದ. ದುಂಡನೆಯ ಅಕ್ಷರ, ಒಂದು ಹೊಡೆದುಹಾಕಿದ್ದೂ ಇಲ್ಲ. ಕನ್ನಡಕ ಹಾಕಿಕೊಂಡು ಓದಿದೆ.

'ಲಹರಿ ಮೇಡಂ ಅವರು ಹಿಂದೆಯೂ ಎರಡು ಸಲ ನಮ್ಮ ಹೋಟೆಲಿಗೆ ಬಂದಿರುತ್ತಾರೆ. ಈ ಸಲ ಬಂದದ್ದು ಸುತ್ತಾಡಲು ಅಲ್ಲ. ಶುಕ್ರವಾರ ಮೈಸೂರು ಕೋರ್ಟಿನಲ್ಲಿ ಅವರು ಒಂದು ಸಾಕ್ಷಿ ಹೇಳುವುದಿತ್ತು. ಹೇಳಬಾರದೆಂದು ಅವರ ಮೇಲೆ ಒತ್ತಡವಿತ್ತು. ಸೋಮವಾರ ರೈಲ್ವೆ ಸ್ಟೇಷನ್ನಿನಿಂದ ಇಬ್ಬರು ಹಿಂಬಾಲಿಸಿದರೆಂದು ನನಗೆ ತಿಳಿಸಿದರು. ನನ್ನ ಬ್ಯಾಗು ಎಲ್ಲಿದೆಯೋ ನಾನೂ ಅಲ್ಲೇ ಇದ್ದೇನೆಂದು ಎಲ್ಲರೂ ಅಂದುಕೊಳ್ಳುತ್ತಾರೆ, ಅದಕ್ಕೆ ಅದು ಇಲ್ಲೇ ಇರಲಿ ಎಂದರು.'

ಅದಕ್ಕೇ ಸೋಪು, ಬ್ರಷ್ಷು. ಜಾಣೆ ಎಂದುಕೊಂಡೆ. ಲೋಟ ಕೆಳಗಿಟ್ಟು ಎರಡನೆಯ ಹಾಳೆ ತಿರುಗಿಸಿದೆ.

'ಮಂಗಳವಾರ ಮತ್ತು ಬುಧವಾರ ಒಬ್ಬ ಹೆಂಗಸು ಹೋಟೆಲಿಗೆ ಮೂರು ಸಲ ಫೋನು ಮಾಡಿ, ತಾನು ಲಹರಿಯ ಚಿಕ್ಕಮ್ಮನೆಂದೂ, ಅವಳು ಎಲ್ಲಿಗೆ ಹೋಗಿದ್ದಾಳೆಂದೂ ಕೇಳಿರುತ್ತಾರೆ. ನಾನು ಈ ವಿಷಯವನ್ನು ಲಹರಿ ಮೇಡಂ ಅವರಿಗೆ ತಿಳಿಸಿದೆನು. ಅವರು, ನಮ್ಮ ತಾಯಿ ಒಬ್ಬಳೇ ಮಗಳು, ನನಗೆ ಚಿಕ್ಕಮ್ಮ ಎಂಬುವರು ಯಾರೂ ಇಲ್ಲ ಎಂದರು.'

ಆ ಸಾಲನ್ನು ಮತ್ತೊಮ್ಮೆ ಓದಿದೆ. ಆಮೇಲೆ ಇನ್ನೊಮ್ಮೆ.

ಆರು ವರ್ಷದಲ್ಲಿ ಎಷ್ಟು ಮನೆಗಳ ವಂಶಾವಳಿ ಕೆದಕಿದ್ದೇನೆ! ಸೋದರಮಾವ ಯಾರು, ದೊಡ್ಡಪ್ಪನ ಮಗ ಏನು ಮಾಡುತ್ತಾನೆ, ಅಜ್ಜಿಯ ತವರು ಯಾವ ಊರು, ಎಲ್ಲವನ್ನೂ ನೆರೆಹೊರೆಯಲ್ಲಿ ಮೂರು ಕಡೆ ಕೇಳಿ ತಾಳೆ ನೋಡಿಯೇ ಬರೆದುಕೊಡುತ್ತೇನೆ. ಹೂವು ಕುಂಕುಮ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದ ಈ ಹೆಂಗಸನ್ನು ಮಾತ್ರ, ನೀನು ಯಾರಮ್ಮ ಎಂದು ಕೇಳಿರಲಿಲ್ಲ. ಎರಡು ಕ್ರಾಸು ನಡೆದು ಹೋಗಿ ಅವರ ಮನೆ ಬಾಗಿಲು ನೋಡಿರಲಿಲ್ಲ. ನಮ್ಮದೇ ಸ್ಟೇಷನ್ನಿಗೆ ಒಂದು ಫೋನು ಕೂಡ ಮಾಡಿರಲಿಲ್ಲ. ಅತ್ತರು ಎಂದು ನಂಬಿದೆ. ನನ್ನಂಥ ಮೂರ್ಖಳು ಇನ್ನೊಬ್ಬಳಿಲ್ಲ.

"ಮೇಡಂ, ಸ್ಟೇಷನ್ನಿಂದ ಜೀಪ್ ಕಳಿಸ್ತೀರಾ ಅಕ್ಕನ ಮನೆಗೆ?" ಶಿವಪ್ರಕಾಶ್ ಕೇಳುತ್ತಿದ್ದ. "ನಾಳೆ ಕೋರ್ಟ್ ತನಕ ಒಬ್ರು ಕಾವಲಿಗೆ ಇದ್ರೆ..."

"ನಿಮ್ಮಕ್ಕನಿಗೆ ಫೋನ್ ಮಾಡು."

"ಏನಾಯ್ತು ಮೇಡಂ?"

"ಮೊದ್ಲು ಫೋನ್ ಮಾಡು ಅಂದೆ! ಬಾಗ್ಲು ತೆಗೀಬೇಡ ಅನ್ನು. ಯಾರು ಬಂದ್ರೂ ಸರಿ, ಚಿಕ್ಕಮ್ಮ ಅಂದ್ರೂ ಸರಿ, ತೆಗೀಬೇಡ ಅನ್ನು."

ಅವನು ನನ್ನ ಮುಖ ನೋಡಿದ. ಕೇಳಬಾರದ ಪ್ರಶ್ನೆಯನ್ನು ಮೆಲ್ಲಗೆ ಕೇಳಿದ.

"ಯಾರ್ಗೆ ಹೇಳುದ್ರಿ ಮೇಡಂ?"

ಫೋನ್ ಮಾಡು ಎಂದು ಅವನ ಜೇಬು ತೋರಿಸಿದೆ. ಅವನು ಫೋನು ತೆಗೆದ. ಎರಡು ಸಲ ತಪ್ಪಾಗಿ ಒತ್ತಿದ. ಸೀರೆಯ ಅಂಚಿಗೆ ಅಂಚು ಕೂಡಿಸಿದ ಕೈ ಅದು. ಮೂರನೆಯ ಸಲ ರಿಂಗಾಯಿತು. ಜೋರಾಗಿ ಕೇಳುವಂತೆ ಮಾಡು ಎಂದು ಸನ್ನೆ ಮಾಡಿದೆ.

"ಅಕ್ಕಾ, ಬಾಗ್ಲು ಹಾಕ್ಕೋ. ಯಾರು ಬಂದ್ರೂ..."

"ಯಾಕ್ಲಾ, ಇಂಗ್ ಉಸುರು ಬುಡ್ತೀಯಾ?" ಆ ಕಡೆಯಿಂದ ನಿರಾಳವಾದ ಹೆಣ್ಣು ದನಿ. ಹಿಂದೆ ಕುಕ್ಕರ್ ಕೂಗುತ್ತಿತ್ತು. "ಪೊಲೀಸ್ನೋರು ಬಂದಿದ್ರು ಕಣೋ. ಇಬ್ರು ಗಂಡಸ್ರು. ಇಲ್ಲಿಗೂ ಗೊತ್ತಾಗೋಗದೆ, ಬೇರೆ ಜಾಗಕ್ಕೆ ಕರ್ಕೊಂಡೋಯ್ತೀವಿ ಅಂದ್ರು. ಆ ಮೇಡಂನೋರು ಒಪ್ಲೇ ಇಲ್ಲ, ರೂಮಿಗೆ ಒಳಗಿಂದ ಬೋಲ್ಟ್ ಹಾಕ್ಕೊಂಡು ಕೂತ್ಬುಟ್ಟಿದ್ರು."

"ತೆಗೀಲಿಲ್ಲ ತಾನೇ? ಅಕ್ಕಾ, ತೆಗೀಲಿಲ್ಲ ತಾನೇ?"

"ನಾನೇ ಏಳಿ ಕಳ್ಸ್ದೆ ಕಣೋ, ಎದ್ರುಕೋಬ್ಯಾಡಿ, ಇವ್ರು ನಮ್ಮೋರೇ ಅಂತ. ನಿನ್ ಎಸ್ರೂ ಏಳುದ್ರು. ಚಾಮುಂಡೇಶ್ವರಮ್ಮ ಅನ್ನೋ ಪೊಲೀಸಮ್ಮನೇ ಕಳ್ಸವ್ರೆ ಅಂದ್ರು. ಎಂಗಸು ಕಳ್ಸವ್ರೆ ಅಂದ್ಮೇಲೆ ಇನ್ನೇನು ಭಯ ಅಂತ, ಆ ಮೇಡಂನೋರೂ ಬಾಗ್ಲು ತೆಗುದ್ರು."